ಪರಿಹಾರ ಬೇರೆ, ಹೊಣೆ ಬೇರೆ

ಸಹೋದರಿಯರೇ, ಪಕ್ಕದ ಮನೆಯವರು ತಮ್ಮ ಅಂಗಳ ಎತ್ತರಿಸಿ ಮಳೆನೀರನ್ನೆಲ್ಲ ನಿಮ್ಮ ಅಡುಗೆಮನೆಗೆ ತಿರುಗಿಸಿದರೆ ಏನು ಮಾಡುವಿರಿ? ನೆರೆಕರೆಯವರು ಮರುಕದಿಂದ ನಾಲ್ಕು ಸೇರು ಅಕ್ಕಿ ತಂದುಕೊಟ್ಟರೆ ಅಲ್ಲಿಗೆ ಮಾತು ಮುಗಿಯಿತೇ? ಅಕ್ಕಿ ಕೊಟ್ಟವರಿಗೆ ಕೃತಜ್ಞತೆ ಹೇಳೋಣ. ಆದರೆ ನೀರು ತಿರುಗಿಸಿದವರನ್ನು ಪ್ರಶ್ನಿಸಬೇಡವೇ?

ಮಂಜಗುಣಿಯಲ್ಲಿ ಗಂಗಾವಳಿ ನದಿ ಸಮುದ್ರ ಸೇರುವುದನ್ನು ನೋಡಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. 2024ರ ಜುಲೈ 16ರಂದು ಇದೇ ನದಿಯ ದಡದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಚಹಾದಂಗಡಿಯ ಕುಟುಂಬ, ಲಾರಿ ಚಾಲಕರು ಸೇರಿ 11 ಮಂದಿ ಸತ್ತರು ಇಲ್ಲವೇ ಕಾಣೆಯಾದರು. ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಅಲ್ಲಿರುವವರು ಹಾಲಕ್ಕಿ ಒಕ್ಕಲಿಗರು. ಪದ್ಮಶ್ರೀ ಪಡೆದ ತುಳಸಿ ಗೌಡ, ಸುಕ್ರಿ ಬೊಮ್ಮಗೌಡರು ಹುಟ್ಟಿದ ಸಮುದಾಯವದು. ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ಅವರು ದಶಕಗಳಿಂದ ಕೇಳುತ್ತ ಬಂದಿದ್ದಾರೆ.

ಸರಕಾರ ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಅದು ಪರಿಹಾರ. ಹೊಣೆ ಯಾರದು? ಮಳೆ ವಿಪರೀತವಾಗಿತ್ತು, ನಿಜ. ಆದರೆ ರಸ್ತೆ ಅಗಲಿಸಲು ಗುಡ್ಡವನ್ನು ಅವೈಜ್ಞಾನಿಕವಾಗಿ ಕಡಿದದ್ದೇ ಕಾರಣವೆಂದು ಜನ ದೂರಿದರು.

ಗುಡ್ಡ ಕಡಿದವರನ್ನು ಕೇಳಬಹುದು, ಹವಾಮಾನವೇ ಕೆಟ್ಟರೆ ಯಾರನ್ನು ಕೇಳುವುದು ಎನ್ನುವಿರಾ? ಪೆರು ದೇಶದ ರೈತ ಸೌಲ್ ಲುಸಿಯಾನೊ ಲಿಯುಯಾ ಅದನ್ನೂ ಕೇಳಿದರು. ಹಿಮ ಕರಗಿ ಅವರ ಊರಿನ ಮೇಲಿನ ಸರೋವರ ತುಂಬುತ್ತಿತ್ತು. ಜಗತ್ತಿನ ಕೈಗಾರಿಕಾ ಹೊಗೆಯಲ್ಲಿ ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇಯ ಪಾಲು ಶೇಕಡಾ 0.47, ಊರಿನ ರಕ್ಷಣೆಯ ಖರ್ಚಿನಲ್ಲೂ ಅದು ಅಷ್ಟೇ ಪಾಲು ಕೊಡಲಿ ಎಂದು 2015ರಲ್ಲಿ ದಾವೆ ಹೂಡಿದರು. 2025ರ ಮೇ 28ರಂದು ಹಾಮ್ ನಗರದ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಅವರ ಮನೆಗೆ ಇರುವ ಅಪಾಯ ಸಾಲದು ಎಂದಿತು. ಆದರೆ ಭಾರೀ ಹೊಗೆಯುಗುಳುವ ಕಂಪನಿಗಳನ್ನು ತಾತ್ವಿಕವಾಗಿ ಹೊಣೆಯಾಗಿಸಬಹುದು ಎಂದೂ ಹೇಳಿತು. ಇಂಡೋನೇಷ್ಯಾದ ಪಾರಿ ದ್ವೀಪದ ನಾಲ್ವರು, ಅವರಲ್ಲಿ ಒಬ್ಬ ಮಹಿಳೆ, ಸಿಮೆಂಟ್ ಕಂಪನಿ ಹೋಲ್ಸಿಮ್ ಮೇಲೆ 2023ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ದಾವೆ ಹೂಡಿದ್ದಾರೆ. ಸಮುದ್ರ ಅವರ ಮನೆಯಂಗಳಕ್ಕೇ ನುಗ್ಗುತ್ತಿದೆ.

ನಮ್ಮ ದೇಶದಲ್ಲೂ ದಾರಿ ಮುಚ್ಚಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟು ಒಡಿಶಾದ ನಿಯಮಗಿರಿಯ ಗಣಿಗಾರಿಕೆಯ ನಿರ್ಧಾರವನ್ನು ಗ್ರಾಮಸಭೆಗಳಿಗೇ ಬಿಟ್ಟಿತು. ಡೋಂಗ್ರಿಯಾ ಕೊಂಡರು ಬೇಡವೆಂದರು, ಗಣಿ ಬರಲಿಲ್ಲ. 2024ರ ಮಾರ್ಚ್ 21ರ ತೀರ್ಪಿನಲ್ಲಿ ಅದೇ ಕೋರ್ಟು, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವುದು ನಾಗರಿಕರ ಹಕ್ಕು ಎಂದಿತು.

ಹಾಗಾದರೆ ನಾವೇನು ಮಾಡಬಹುದು? ಹಕ್ಕಿದ್ದರೆ ಸಾಲದು, ಪುರಾವೆಯೂ ಬೇಕು ಎಂಬುದೇ ಪೆರುವಿನ ಪಾಠ. ಮನೆಯ ಲೆಕ್ಕ ಬರೆಯುವ ಕೈ ನಮ್ಮದಲ್ಲವೇ? ಬಾವಿಗೆ ಉಪ್ಪುನೀರು ಬಂದ ದಿನ, ಗೋಡೆ ಬಿರುಕುಬಿಟ್ಟ ದಿನ, ಕೊಟ್ಟ ಅರ್ಜಿಯ ಪ್ರತಿ, ಒಂದು ಫೋಟೋ ಜೋಪಾನವಾಗಿಡಿ. 2025ರ ಆಗಸ್ಟ್‌ನಲ್ಲಿ ಕೇಣಿ ಬಂದರು ಯೋಜನೆಯ ಅಹವಾಲು ಸಭೆಗೆ ಮೀನುಗಾರ ಕುಟುಂಬಗಳು ಬಂದು ವಿರೋಧ ದಾಖಲಿಸಿದವು. ನಿಮ್ಮೂರಲ್ಲಿ ಅಂಥ ಸಭೆ ಕರೆದರೆ ಗಂಡಸರನ್ನಷ್ಟೇ ಕಳಿಸಿ ಕೂರಬೇಡಿ. ನೀವೂ ಹೋಗಿ, ಹೇಳಿದ್ದನ್ನು ಬರೆಸಿ, ಸಹಿ ಹಾಕಿ ಬನ್ನಿ. ಕೈಚಾಚಿ ಪಡೆಯುವುದು ನೆರವು. ಲೆಕ್ಕ ತೋರಿಸಿ ಕೇಳುವುದು ಹಕ್ಕು.