ಗುಂಡಿನ ಅಚ್ಚು

ನಮ್ಮ ಮನೆಯಲ್ಲಿ ಒಂದು ಹಳೆಯ ಕೇಪಿನ ಕೋವಿಯಿದೆ. ನಳಿಗೆಯ ಬಾಯಿಂದ ಮದ್ದನ್ನೂ ಗುಂಡನ್ನೂ ತುಂಬಿ, ಕುದುರೆ ಬಡಿಯುವ ಎಡೆಯಲ್ಲಿ ಕೇಪನ್ನು ಕೂಡಿಸಿ ಹಾರಿಸುವ ಜಾತಿಯದು. ಅಜ್ಜನಿಂದ ತಂದೆಯವರಿಗೂ, ತಂದೆಯವರು 1999ರಲ್ಲಿ ತೀರಿಕೊಂಡ ತರುವಾಯ ನನಗೂ ಅದರ ಪರವಾನಗಿ ಬದಲಾಗುತ್ತ ಬಂದಿತು. ಮಲೆನಾಡಿನ ಅಡಕೆತೋಟದವರಿಗೆ ಇಂಥದೊಂದು ಕೋವಿ ಮನೆಯ ಪಾತ್ರೆಪಡಗಗಳಲ್ಲಿ ಒಂದೆಂಬಷ್ಟು ಸಹಜವಾದದ್ದು. ಕೊಡವರಿಗಿರುವ ವಿನಾಯಿತಿ ನಮಗಿಲ್ಲವಾದಕಾರಣ, ಚುನಾವಣೆ ಬಂದಾಗಲೆಲ್ಲ ಅದನ್ನು ಹೊತ್ತೊಯ್ದು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. 2024ರ ಲೋಕಸಭೆಯ ಚುನಾವಣೆಯಲ್ಲಿಯೂ ಹಾಗೆಯೇ ಮಾಡಿದೆನು. ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತ ತಲೆ ನರೆತ ಸಂಸ್ಕೃತದ ಮೇಷ್ಟರು ಕೋವಿಯನ್ನು ಹೆಗಲಿಗೇರಿಸಿ ಬಸ್ಸು ಹತ್ತುವುದನ್ನು ಕಂಡು ಹಳೆಯ ಶಿಷ್ಯರು ನಕ್ಕರೆ ಅದು ಅವರ ತಪ್ಪಲ್ಲ.

ಆದರೆ ನಾನು ಹೇಳಹೊರಟದ್ದು ಕೋವಿಯ ವಿಷಯವನ್ನಲ್ಲ, ಅದರ ಗುಂಡಿನ ಅಚ್ಚಿನ ವಿಷಯವನ್ನು. ಕೋವಿ ಠಾಣೆಯಲ್ಲಿದ್ದ ಆ ದಿನಗಳಲ್ಲಿಯೇ, ಬೇಸಗೆಯ ರಜೆಗೆಂದು ಬಂದಿದ್ದ ಒಂಬತ್ತು ವರ್ಷದ ಮೊಮ್ಮಗನು ಅಟ್ಟದ ಪೆಟ್ಟಿಗೆಯೊಂದನ್ನು ಜಾಲಾಡಿ ಅದನ್ನು ತಂದು, “ಅಜ್ಜಾ, ಇದು ಅಡಕತ್ತರಿಯಾ?” ಎಂದು ಕೇಳಿದನು. ನೋಡುವುದಕ್ಕೆ ಹಾಗೆಯೇ ಇದೆ. ಎರಡು ಹಿಡಿಗಳು, ನಡುವೆ ಕೀಲು, ತುದಿಯಲ್ಲಿ ಎರಡು ದಪ್ಪ ಕಬ್ಬಿಣದ ತುಂಡುಗಳು. ಒಂದೊಂದರಲ್ಲಿಯೂ ಅರ್ಧ ಗುಂಡಿನಷ್ಟು ಗುಳಿ. ಮುಚ್ಚಿದರೆ ಗುಳಿಗಳೆರಡೂ ಸೇರಿ ಗೋಲವಾಗುವುವು. ಸೀಸವನ್ನು ಹೊಯ್ಯಲು ಮೇಲೊಂದು ರಂಧ್ರ. ನಾನು ಇದನ್ನು ವಿವರಿಸುತ್ತಿರುವಷ್ಟರಲ್ಲಿಯೇ ಹುಡುಗನು ಧೂಳು ತೊಳೆಯಲೆಂದು ಅಚ್ಚನ್ನು ನಲ್ಲಿಯ ಕೆಳಗೆ ಹಿಡಿದನು. “ತೊಳೀಬೇಡ!” ಎಂದು ನಾನು ಕೂಗಿದ ಕೂಗಿಗೆ ಅವನು ಅದನ್ನು ಕೈಬಿಟ್ಟನು; ಒಳಗಿನಿಂದ ನನ್ನ ಹೆಂಡತಿ ಓಡಿಬಂದಳು.

ಸೀಸದ ಎರಕ ನೋಡಲು ಸುಲಭ. 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುವ ಲೋಹವಾದುದರಿಂದ ಸೌದೆಯ ಒಲೆಯೇ ಸಾಕು. ತಂದೆಯವರು ಮೀನಿನ ಬಲೆಗೆ ಕಟ್ಟುವ ಸೀಸವನ್ನು ಸಂತೆಯಲ್ಲಿ ಕೊಳ್ಳುತ್ತಿದ್ದರು. “ಭಟ್ಟರೇ, ಬಲೆ ಯಾವ ಹೊಳೆಗೆ?” ಎಂದು ಕೇಳದೆ ಅಂಗಡಿಯವನು ಅದನ್ನು ಕೊಟ್ಟವನಲ್ಲ. ಕೊಂಡದ್ದನ್ನು ಉಗುರಿನಿಂದ ಗೀರಿ ನೋಡುವರು. ಗೀರು ಬಿದ್ದರೆ ಮೆತ್ತನೆಯ ಶುದ್ಧ ಸೀಸ, ಉಗುರು ಜಾರಿದರೆ ಬೇರೆ ಲೋಹ ಬೆರೆತದ್ದು. ಕಬ್ಬಿಣದ ಸೌಟಿನಲ್ಲಿ ಅದು ಕರಗಿ ಕನ್ನಡಿಯಂತೆ ಹೊಳೆಯುವಾಗ ಚೂರು ಜೇನುಮೇಣವನ್ನು ಹಾಕಿ ಕದಡಿದರೆ ಕಿಟ್ಟವೆಲ್ಲ ಬೂದಿಯಂತೆ ಮೇಲಕ್ಕೆ ಬರುವುದು. ಅದನ್ನು ಕೆರೆದು ತೆಗೆದು, ಕಾಯಿಸಿದ ಅಚ್ಚಿಗೆ ಒಂದೇ ಧಾರೆಯಾಗಿ ಹೊಯ್ಯಬೇಕು. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಮುದುಕರ ಕೆನ್ನೆಯಂತೆ ಸುಕ್ಕುಗಟ್ಟುವುದು. ಅತಿಯಾಗಿ ಕಾದಿದ್ದರೆ ಇಬ್ಬನಿ ಬಿದ್ದಂತೆ ಮಾಸುವುದು. ಮೊದಲ ನಾಲ್ಕೈದನ್ನು ಮರಳಿ ಸೌಟಿಗೇ ಹಾಕುವುದು ವಾಡಿಕೆ. ಒಳ್ಳೆಯ ಗುಂಡು ಬಿದ್ದಾಗ ಅದರ ಬಾಲವನ್ನು ಕತ್ತರಿಸಿ ತಂದೆಯವರು ನನ್ನ ಅಂಗೈಯಲ್ಲಿಡುವರು. ನೀರಿಗಿಂತ ಹನ್ನೊಂದು ಪಾಲು ಭಾರವಾದ ಆ ಬೆಚ್ಚನೆಯ ಸಣ್ಣ ಉಂಡೆಯನ್ನು ಹಿಡಿದಾಗ ಆಗುತ್ತಿದ್ದ ಸಂತೋಷವನ್ನು ನಾನು ಇನ್ನೂ ಮರೆತಿಲ್ಲ.

ಅಥರ್ವವೇದದ ಮೊದಲನೆಯ ಕಾಂಡದಲ್ಲಿ ಕೇಡಿಗನನ್ನು ಸೀಸದಿಂದ ಹೊಡೆಯುವ ಮಾತು ಬರುವ ಸೂಕ್ತವೊಂದಿದೆ. ಅದನ್ನು ಹಿಡಿದು ವೇದಕಾಲದಲ್ಲಿಯೇ ಕೋವಿಯಿತ್ತೆಂದು ಸಾಧಿಸುವ ಮಹನೀಯರನ್ನು ಕಂಡಿದ್ದೇನೆ. ಅಲ್ಲಿರುವುದು ರಕ್ಷೆಯಾಗಿ ಧರಿಸಿದ ಸೀಸವೇ ಹೊರತು ಕೋವಿಯ ಗುಂಡಲ್ಲ; ವೇದಕ್ಕೆ ಈ ಬಗೆಯ ಗೌರವ ಬೇಕಾಗಿಯೂ ಇಲ್ಲ. ವಿಷಯಾಂತರವನ್ನು ವಾಚಕರು ಕ್ಷಮಿಸಬೇಕು. ಅಮರಸಿಂಹನು ಸೀಸಕ್ಕೆ ಹೇಳಿರುವ ಹೆಸರುಗಳಲ್ಲಿ ನಾಗವೆಂಬುದೂ ಒಂದು. ಆ ನಾಗನು ಹೆಡೆಯೆತ್ತಿದ್ದನ್ನು 1971ರ ಆಷಾಢದಲ್ಲಿ ನಾನು ಕಣ್ಣಾರೆ ಕಂಡೆನು.

ಆಗ ನನಗೂ ಒಂಬತ್ತು ವರ್ಷ. ಹಿಂದಿನ ವರ್ಷವೇ ಉಪನಯನವಾಗಿತ್ತು. ಕಾಡುಹಂದಿಗಳು ತೋಟದ ಬಾಳೆಯ ಬುಡಗಳನ್ನೆಲ್ಲ ಅಗೆದು ಹಾಳುಮಾಡಿದ್ದವು. 1972ರ ವನ್ಯಜೀವಿ ಕಾಯಿದೆ ಇನ್ನೂ ಬಂದಿರಲಿಲ್ಲ. ಹೊರಗಿನ ಒಲೆ ಮಳೆಯಲ್ಲಿ ನೆನೆದಿದ್ದುದರಿಂದ ತಂದೆಯವರು ಅಡಿಗೆಮನೆಯ ಮೂಲೆಯ ಒಲೆಯಲ್ಲಿಯೇ ಸೌಟನ್ನಿಟ್ಟರು. ಸೀಸದ ಹೊಗೆಯೂ ಧೂಳೂ ವಿಷ, ಮಕ್ಕಳಿಗಂತೂ ಬಹಳ ವಿಷ. ಈ ಅವಿವೇಕವನ್ನು ಯಾವ ಗೃಹಸ್ಥನೂ ಅನುಸರಿಸದಿರಲಿ. “ಮಾಣಿ, ಅಚ್ಚು ತಾ” ಎಂದರು. ಅಚ್ಚಿನ ಮೇಲೆ ಜೇಡರ ಬಲೆಯೂ ಇಲಿಯ ಹಿಕ್ಕೆಯೂ ಇದ್ದವು. ಹೊಸ ಜನಿವಾರದ ಹುಮ್ಮಸ್ಸಿನಲ್ಲಿ ಮಡಿಯ ಹುಚ್ಚು ಹತ್ತಿದ್ದ ನಾನು ಅದನ್ನು ಬಾವಿಕಟ್ಟೆಯಲ್ಲಿ ತೊಳೆದು, ಪಂಚೆಯ ಚುಂಗಿನಿಂದ ಒರೆಸಿ, ಏನೂ ಹೇಳದೆ ತಂದುಕೊಟ್ಟೆನು. ಅಚ್ಚನ್ನು ಕಾಯಿಸದೆ ಹೊಯ್ಯುವವರಲ್ಲ ಅವರು. ಕತ್ತಲಾಗುತ್ತಿದ್ದುದರಿಂದ ಅಂದು ಅವಸರಪಟ್ಟರು. ನೀರು ಆವಿಯಾಗುವಾಗ ಸಾವಿರದ ಆರುನೂರು ಪಟ್ಟಿಗೂ ಮಿಕ್ಕು ಹಿಗ್ಗುತ್ತದೆ. ಗುಳಿಯಲ್ಲಿ ಉಳಿದಿದ್ದ ಹನಿಗೆ ಹೊರಬರಲು ಇದ್ದುದು ಆ ಒಂದೇ ರಂಧ್ರ. ಚಟ್ಟೆಂದು ಶಬ್ದವಾಯಿತು. ಸೌಟು ಉರುಳಿತು. ತಂದೆಯವರು ಎರಡು ಕೈಗಳಿಂದಲೂ ಮುಖವನ್ನು ಮುಚ್ಚಿಕೊಂಡು ಕುಳಿತುಬಿಟ್ಟರು.

ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಎಡಗಣ್ಣು ಉಳಿಯಿತು, ಅದರ ನೋಟ ಉಳಿಯಲಿಲ್ಲ. “ಗುರಿ ಹಿಡಿಯುವಾಗ ಹೇಗೂ ಆ ಕಣ್ಣು ಮುಚ್ಚಲೇಬೇಕಲ್ಲ” ಎಂದು ನಗುತ್ತಿದ್ದರು. ಹೇಗಾಯಿತೆಂದು ಕೇಳಿದವರಿಗೆಲ್ಲ, “ಹೆಂಚು ಸೋರಿ ಅಚ್ಚಿಗೆ ಹನಿ ಬಿತ್ತು” ಎಂದರು. ಬಂದ ಮರುದಿನವೇ ಏಣಿ ಹತ್ತಿ ಅಡಿಗೆಮನೆಯ ಮಾಡಿನ ಎರಡು ಹೆಂಚುಗಳನ್ನು ಬದಲಾಯಿಸಿಯೂಬಿಟ್ಟರು. ಏಣಿಯನ್ನು ಹಿಡಿದು ನಿಂತವನು ನಾನೇ. ನನ್ನ ತಪ್ಪು ಹೆಂಚಿನ ಪಾಲಾಯಿತೆಂದು ಒಳಗೊಳಗೇ ಸಮಾಧಾನಪಟ್ಟೆನು. ಹೇಳಿಬಿಡಬೇಕೆಂದು ಎಷ್ಟೋ ಸಲ ಹತ್ತಿರ ಹೋದದ್ದುಂಟು, ನಾಲಗೆ ಏಳಲಿಲ್ಲ. ಮುಂದಿನ ಬೇಸಗೆಯಲ್ಲಿ ಮತ್ತೆ ಎರಕಕ್ಕೆ ಕುಳಿತಾಗ ಅವರು ಅಚ್ಚನ್ನು ಕೆಂಡದ ಬದಿಯಲ್ಲಿ ಕಾಯಿಸಿ, ತೆರೆದು, ನನ್ನ ಮುಂದೆ ಹಿಡಿದು, “ಒಣಗಿದೆಯಾ ನೋಡು, ಮಾಣಿ” ಎಂದರು. “ಒಣಗಿದೆ, ಅಪ್ಪಯ್ಯ” ಎಂದು ನಾನು ಹೇಳಿದ ಮೇಲೆಯೇ ಹೊಯ್ದರು. ಕಾಯಿದೆ ಬಂದಮೇಲೆ ಗುಂಡಿನ ಕೆಲಸ ನಿಂತಿತು; ಮಂಗಗಳನ್ನು ಬೆದರಿಸಲು ಬರಿಯ ಮದ್ದಿನ ಸದ್ದೇ ಸಾಕಾಯಿತು.

ಐವತ್ತಮೂರು ವರ್ಷ ಯಾರಿಗೂ ಹೇಳದ ಈ ಮಾತನ್ನು ಅಂದು ಅಡಿಗೆಮನೆಯಲ್ಲಿ ಕುಳಿತು ಮೊಮ್ಮಗನಿಗೆ ಹೇಳಿದೆನು. ಹೆಂಡತಿಯೂ ಕೇಳುತ್ತಿದ್ದಳು. ಹುಡುಗನು ಒಲೆಯಿದ್ದ ಮೂಲೆಯನ್ನು ನೋಡಿ, ತಲೆಯೆತ್ತಿ ಮೇಲೆ ನೋಡಿ, “ಹೆಂಚು ಎಲ್ಲಿದೆ, ಅಜ್ಜಾ? ಇದರ ಮೇಲೆ ಅಟ್ಟ ಅಲ್ವಾ? ನಾನು ಇದನ್ನ ತಂದದ್ದು ಅಲ್ಲಿಂದಲೇ” ಎಂದನು.

ನಾನೂ ತಲೆಯೆತ್ತಿ ನೋಡಿದೆನು. ಅಜ್ಜನ ಕಾಲದ ಮುಚ್ಚಿಗೆ. ಹಲಸಿನ ಹಲಗೆ, ಅದರ ಮೇಲೆ ಗೇಣು ದಪ್ಪದ ಮಣ್ಣು, ಅದರ ಮೇಲೆ ಅಟ್ಟ. ಹೆಂಚು ಅದಕ್ಕೂ ಎಷ್ಟೋ ಮೇಲೆ. ಮಳೆಗಾಲವಿಡೀ ಸೋರಿದ್ದರೂ ಆ ಮೂಲೆಗೆ ಒಂದು ಹನಿ ಇಳಿಯುವಂತಿರಲಿಲ್ಲ.

“ಮಾವಯ್ಯನವರಿಗೆ ಗೊತ್ತಿತ್ತು” ಎಂದಳು ನನ್ನ ಹೆಂಡತಿ.

ಹುಡುಗನ ಕೈಯಿಂದ ಅಚ್ಚನ್ನು ತೆಗೆದುಕೊಂಡು, ತೆರೆದು, ಬಿಸಿಲಿದ್ದ ಕಿಟಕಿಯಲ್ಲಿ ಒಣಗಲು ಇಟ್ಟೆನು.