ಗಾಳಿಯ ಬೆನ್ನು ಹತ್ತಿ ಸಿಂಧನೂರಿನಿಂದ ಲಿಂಗಸುಗೂರಿಗೆ

ಸಿಂಧನೂರಿನಲ್ಲಿ ಬಸ್ಸಿಳಿದಾಗ ಇನ್ನೂ ಬೆಳಿಗ್ಗೆ ಒಂಬತ್ತು. ಬಿಸಿಲು ಮಾತ್ರ ನಮ್ಮ ತೀರ್ಥಹಳ್ಳಿಯ ಮಟಮಟ ಮಧ್ಯಾಹ್ನದ್ದು. ಏಪ್ರಿಲ್ ಕೊನೆ, ಬೇಸಿಗೆ ಭತ್ತದ ಕಟಾವು. ನಮ್ಮಲ್ಲಿ ಕೊಯ್ಲೆಂದರೆ ಇಬ್ಬನಿ, ಕುಡುಗೋಲು, ಬೆನ್ನುನೋವು. ಇಲ್ಲಿ ಕಬ್ಬಿಣದ ಗದ್ದಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಕ್ಯಾಂಪುಗಳ ಸುತ್ತ, ಕಣ್ಣು ಹಾಯುವವರೆಗೂ ಹೊಂಬಣ್ಣ. ಅದರ ನಡುವೆ ಧೂಳೆಬ್ಬಿಸುತ್ತ ತೆವಳುವ ಕಟಾವಿನ ಚೈನ್ ಮಷಿನ್ನುಗಳು.

ಹತ್ತಿರ ಹೋಗುವಷ್ಟರಲ್ಲಿ ಒಂದು ನಿಂತೇಬಿಟ್ಟಿತು. ಡ್ರೈವರ್ ಇಳಿದು ಪಕ್ಕದ ಜಾಲರಿ ಬಿಚ್ಚುತ್ತಾನೆ. ಹೊಟ್ಟು, ಸುಂಕು, ಹುಲ್ಲಿನ ಎಳೆ ಬುಳುಬುಳು ಉದುರುತ್ತವೆ. ಅರ್ಧ ನನ್ನ ಕಾಲರಿನೊಳಗೆ. (ಆ ತುರಿಕೆ ಲಿಂಗಸುಗೂರು ಬಿಟ್ಟರೂ ನನ್ನನ್ನು ಬಿಡಲಿಲ್ಲ.) ರೇಡಿಯೇಟರ್ ಮುಂದೆಯೇ ಆಯಿಲ್ ಕೂಲರ್. ಎರಡರ ನಡುವಿನ ಬೆರಳಗಲದ ಸಂದಿಯಲ್ಲಿ ಹೊಟ್ಟು ಗೋಡೆ ಕಟ್ಟಿದೆ. ಹೊರಗಿನಿಂದ ನೋಡಿದರೆ ಎಲ್ಲ ಚೊಕ್ಕ! ಆಯಿಲ್ ಕಾದು ನೀರಾದರೆ ಅದರ ಒತ್ತಡದಲ್ಲೇ ಓಡುವ ಮಷಿನ್ನಿನ ಕಾಲಿನ ಬಲವೇ ಉಡುಗುತ್ತದೆ.

ಊರಿನ ಗ್ಯಾರೇಜಿನ ಮೇಸ್ತ್ರಿ ಹಳೆ ಟ್ಯೂಬು ಕತ್ತರಿಸಿ ಪಟ್ಟಿ ಮಾಡುತ್ತ ಕೂತಿದ್ದರು. ದೊಡ್ಡ ಕೂಲರ್ ಹಾಕಬಾರದೇ ಎಂದೆ.

"ಕೂಲರ್ ಸಣ್ಣದಲ್ರೀ ಸರ. ಗಾಳಿ ಕಳ್ಳ ಐತಿ. ಸಂದಿ ಸಿಕ್ರ ಸಾಕು, ಫಿನ್ನೊಳಗ ಹಾಯೂದಿಲ್ಲ, ಬಾಜೂದಿಂದ ಪಾರಾಗತೈತಿ."

ಅದಕ್ಕೇ ಆ ರಬ್ಬರ್ ಪಟ್ಟಿ: ಕೂಲರಿನ ಅಂಚಿಗೂ ಚೌಕಟ್ಟಿಗೂ ನಡುವೆ ತುರುಕಲು. ಫ್ಯಾನಿನ ಸುತ್ತಲ ತಗಡಿನ ಬಳೆ ಬಿರುಕು ಬಿಟ್ಟಿದ್ದರೆ ಬೆಸುಗೆ. ಕಂಪ್ರೆಸರ್ ಗಾಳಿ ಹೊಡೆಯುವುದೂ ಫ್ಯಾನಿನ ಕಡೆಯಿಂದ ಹೊರಕ್ಕೆ. ಬಂದ ದಾರಿಯಲ್ಲೇ ಕಸವನ್ನು ಹಿಂದಕ್ಕಟ್ಟಬೇಕು; ಹೊರಗಿನಿಂದ ಹೊಡೆದರೆ ಅದು ಇನ್ನಷ್ಟು ಒಳಗೆ ಕಚ್ಚಿಕೊಳ್ಳುತ್ತದೆ.

ಗಾಳಿಯೊಂದಿಗಿನ ಇದೇ ಜಗಳವನ್ನು ನಾನು ಓದಿದ್ದು ವಿಮಾನಗಳ ವಿಷಯದಲ್ಲಿ. ಮನೆಯ ಶೆಡ್ಡಿನಲ್ಲೇ ಪುಟ್ಟ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳು ಅಮೆರಿಕದಲ್ಲಿ ಸಾವಿರಾರು ಮಂದಿ. ಅವರು ಕೂರಿಸುವ ಅನೇಕ ಲೈಕಮಿಂಗ್ ಎಂಜಿನ್ನುಗಳಲ್ಲಿ ಆಯಿಲ್ 118 ಡಿಗ್ರಿ ಸೆಲ್ಸಿಯಸ್ ದಾಟಕೂಡದು. ವಿಮಾನ ಮೇಲೇರುವಾಗ ಎಂಜಿನ್ನಿಗೆ ದುಡಿತ ಹೆಚ್ಚು, ಎದುರುಗಾಳಿ ಕಡಿಮೆ. ಮುಳ್ಳು ಕೆಂಪಿನತ್ತ ಸರಿಯುವುದು ಆಗಲೇ. ಅವರೂ ಎಂಜಿನ್ ಸುತ್ತಲ ತಗಡಿನ ಸಂದಿಗಳಿಗೆ ಸಿಲಿಕೋನ್ ಮೆತ್ತುತ್ತಾರೆ, ಕೊಳವೆಯ ಗಾಳಿ ಕೂಲರಿನ ಇಡೀ ಮುಖಕ್ಕೆ ಹರಡುವಂತೆ ಬಾಯಿ ಅಗಲಿಸುತ್ತಾರೆ. ಬಿಸಿಗಾಳಿ ಹೊರಬೀಳುವ ದಾರಿಯನ್ನೂ ನೋಡುತ್ತಾರೆ. ಮುಂದೆ ಒತ್ತಡ ಹೆಚ್ಚು, ಹಿಂದೆ ಕಡಿಮೆ ಇದ್ದರಷ್ಟೇ ಗಾಳಿ ಒಳಹೊಕ್ಕೀತು. ಇದನ್ನು ಹೇಳಿದರೆ ಮೇಸ್ತ್ರಿಗೆ ಅಚ್ಚರಿಯೇನೂ ಆಗಲಿಲ್ಲ. "ಅಲ್ಲಿ ಹೊಟ್ಟು ಇರೂದಿಲ್ಲಲ್ರೀ, ಅವರ ಪುಣ್ಯ" ಎಂದರು.

ದಾರಿಯ ನಡುವೆ ಮಸ್ಕಿಯಲ್ಲಿ ಇಳಿದು ಒಗ್ಗರಣಿ-ಮಿರ್ಚಿ ತಿನ್ನುತ್ತೇನೆ. ಆ ಸೆಕೆಯಲ್ಲಿ ಮಿರ್ಚಿ! ಒಳಗಿನ ಕಾವೂ ಹೊರಗಿನದೂ ಸರಿಸಮ. ಇಲ್ಲಿನ ಬಂಡೆಯ ಮೇಲಿನ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್‌ಗೆ. ಶಾಸನಗಳ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಬಂಡೆ. ಬಂಡೆಗಳ ನೆರಳಿನಲ್ಲಿ ನಿಂತರೆ ಸಂದಿಯಿಂದ ಸೊಂಯ್ಯನೆ ಗಾಳಿ. ಎರಡು ಹೆಜ್ಜೆ ಆಚೆ ಎಲೆಯೂ ಅಲುಗದು. ಬೆಳಗಿನಿಂದ ನನಗೆ ಕಾಣುವುದೆಲ್ಲ ಸಂದಿಗಳೇ.

ಲಿಂಗಸುಗೂರಿನ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಸೀಟು ಸಿಕ್ಕಿತು. ಅದು ಯಾಕೆ ಖಾಲಿಯಿತ್ತೆಂಬುದು ಎಂಜಿನ್ ಮುಚ್ಚಳಕ್ಕೆ ಮೊಣಕಾಲು ತಾಗಿದಾಗ ತಿಳಿಯಿತು. ಸಂಜೆ ಅಲ್ಲಿಂದ ಹಟ್ಟಿಗೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ಕೆಳಗಿಳಿಯಲು ನನ್ನಂಥವರಿಗೆ ಅಪ್ಪಣೆಯಿಲ್ಲ. ಚಹಾದಂಗಡಿಯಲ್ಲಿ ಸಿಕ್ಕ ನಿವೃತ್ತ ಕಾರ್ಮಿಕರೊಬ್ಬರನ್ನೇ ಕೇಳಿದೆ: ಅಷ್ಟು ಆಳಕ್ಕೆ ಗಾಳಿ ಹೇಗೆ?

ದೊಡ್ಡ ಫ್ಯಾನು ಸಾಲದಂತೆ. ಸುರಂಗಗಳ ನಡುವೆ ಅಲ್ಲಲ್ಲಿ ಬಾಗಿಲು. ಅವು ಮುಚ್ಚಿದ್ದರೆ ಗಾಳಿ ಸುತ್ತು ಬಳಸಿ, ಜನ ಕೆಲಸ ಮಾಡುವ ಕೊನೆಯವರೆಗೂ ಹೋಗುತ್ತದೆ. ತೆರೆದಿದ್ದರೆ ಅಡ್ಡದಾರಿ ಹಿಡಿದು ಹೊರಗೆ.

"ಯಾವನರ ಬಾಗಲ ತಗದಿಟ್ಟು ಹೋದಾ ಅಂದ್ರ, ಒಳಗಿನ ಮಂದಿ ಬೆವತು ಬಂದು ಅವನ ಮನಿತನಾನ ಎತ್ತಿ ಬೈತಿದ್ರು."

"ನೀವೂ ಬೈದಿದ್ದೀರಾ?"

"ನಾನ ಬಾಗಲ ತಗದಿಟ್ಟಾಂವರೀ!" ಎಂದು ನಕ್ಕು, ಇನ್ನೆರಡು ಚಹಾ ಹೇಳಿದರು.