ಊರು ಬಿಡುವ ಮೊದಲು ಬಂದ ಕಾಗದ

ಮಂಗಳೂರಿನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮರುದಿನ ಬೆಳಿಗ್ಗೆ ಮುಂಬಯಿ ಮುಟ್ಟುತ್ತದೆ. ಕುರ್ಲಾ ನಿಲ್ದಾಣಕ್ಕೆ ಬಂದು ಲೋಕಲ್ ಗಾಡಿ ಹಿಡಿದರೆ ಸಯನ್, ಅದರಾಚೆ ಮಾಟುಂಗಾ. ಪೂರ್ವದ ಕಡೆ ಹೊರಬಿದ್ದರೆ ಮಲ್ಲಿಗೆಯ ಮಾಲೆ, ಬಾಳೆಲೆಯ ಕಟ್ಟು, ಕರಿಬೇವಿನ ಸಿವುಡು, ಹುರಿದ ಕಾಫಿಬೀಜದ ಪರಿಮಳ. ತುಳು, ಕನ್ನಡ, ಕೊಂಕಣಿ, ತಮಿಳು, ಗುಜರಾತಿ ಎಲ್ಲವೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಊರು ಬಿಟ್ಟು ಬಂದ ಹುಡುಗನಿಗೆ, ತಾನು ಎಲ್ಲಿಗೂ ಹೋಗಿಲ್ಲವೇನೋ ಎಂಬ ಭ್ರಮೆ ಅರೆಕ್ಷಣ ಹುಟ್ಟಿದರೆ ಆಶ್ಚರ್ಯವಿಲ್ಲ.

ನಿಲ್ದಾಣದ ಬಳಿಯ ಕಟ್ಟಡವೊಂದರ ಮಹಡಿಯಲ್ಲಿ ಬಾಳೆಲೆ ಊಟಕ್ಕೆ ಹೆಸರಾದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಅಡುಗೆಮನೆಗಳಲ್ಲಿ ದುಡಿದು ಮೇಲೆ ಬಂದ ಎ. ರಾಮ ನಾಯಕರು ಇದನ್ನು ತೆರೆದದ್ದು 1942ರಲ್ಲಿ. ಈ ಮೆಟ್ಟಿಲು ಹತ್ತುವವರಿಗೆ ಕಾಣುವುದು ಎಲೆಯ ಮೇಲಿನ ಅನ್ನ ಸಾರು. ಆದರೆ ಇಂಥ ಹೋಟೆಲುಗಳ ಹಿಂದೆ ಒಂದು ಜಿಲ್ಲೆಯ ಸಾವಿರಾರು ಮನೆಗಳ ಚರಿತ್ರೆಯಿದೆ.

ನೆರೆ, ಮುಗ್ಗಟ್ಟು ಮತ್ತು ಹಡಗು

1923ರ ಮಹಾನೆರೆ ದಕ್ಷಿಣ ಕನ್ನಡದ ನದಿತೀರಗಳ ಬದುಕನ್ನು ಕೊಚ್ಚಿಕೊಂಡು ಹೋಯಿತು. ಹಿರಿಯರು ಇದನ್ನು ‘ಮಾರಿ ಬೊಳ್ಳ’ ಎಂದೇ ನೆನೆಯುತ್ತಿದ್ದರು. ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ 1929ರ ಜಾಗತಿಕ ಆರ್ಥಿಕ ಮುಗ್ಗಟ್ಟು ಬಂತು. ಬೆಳೆದದ್ದಕ್ಕೆ ಧಾರಣೆಯಿಲ್ಲ, ತೀರ್ವೆ, ಸಾಲ ಮಾತ್ರ ನಿಂತಲ್ಲೇ ನಿಂತವು. ರೈತರು ಸಾಲದಲ್ಲಿ ಸಿಕ್ಕಿದ್ದ ಆ ದಿನಗಳಲ್ಲೇ, 1931ರಲ್ಲಿ, ಮಂಗಳೂರಿನಲ್ಲಿ ವಿಜಯಾ ಬ್ಯಾಂಕು ಹುಟ್ಟಿತು. 2019ರಲ್ಲಿ ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು.

ಮನೆಯಲ್ಲಿ ಉಣ್ಣುವ ಬಾಯಿ ಒಂದಾದರೂ ಕಡಿಮೆಯಾಗಲಿ ಎಂದು ಹನ್ನೆರಡು, ಹದಿಮೂರರ ಹುಡುಗರನ್ನು ಮುಂಬಯಿಗೆ ಕಳುಹಿಸುತ್ತಿದ್ದ ಕಾಲ ಅದು. ಹಡಗು ಕರಾವಳಿಯ ಬಂದರುಗಳಲ್ಲಿ ನಿಂತು ನಿಂತು ಸಾಗುತ್ತಿತ್ತು. ಮಳೆಗಾಲದಲ್ಲಿ ಅದೂ ಬಂದ್. ಅಲ್ಲಿ ಕೆಲಸ ಸಿಗದಿದ್ದರೆ ‘ನಾಳೆ ವಾಪಸು ಬರುತ್ತೇನೆ’ ಎನ್ನುವಂತಿರಲಿಲ್ಲ. ಮೇಲಾಗಿ ಮುಗ್ಗಟ್ಟು ಮುಂಬಯಿಯನ್ನೂ ಬಿಟ್ಟಿರಲಿಲ್ಲ. ಬಟ್ಟೆ ಗಿರಣಿಗಳ ಕಾರ್ಮಿಕರೇ ಕೆಲಸ ಕಳೆದುಕೊಳ್ಳುತ್ತಿದ್ದರು.

ಆದ್ದರಿಂದಲೇ ಅನೇಕ ಮನೆಗಳಲ್ಲಿ ಹುಡುಗನಿಗಿಂತ ಮೊದಲು ಕಾಗದ ಪ್ರಯಾಣ ಮಾಡುತ್ತಿತ್ತು. ಮುಂಬಯಿಯಲ್ಲಿದ್ದ ಸೋದರಮಾವನಿಗೋ, ನೆರೆಮನೆಯ ಅಣ್ಣನಿಗೋ ಬರೆಯುವುದು. ಅವರು ಹೋಟೆಲಿನ ಯಜಮಾನರ ಕಿವಿಗೆ ಹಾಕುವುದು. ಯಾರಾದರೂ ಊರಿಗೆ ಹೊರಟು ಜಾಗ ತೆರವಾದಾಗ ‘ಹುಡುಗನನ್ನು ಕಳುಹಿಸಿ’ ಎಂದು ಉತ್ತರ ಬರುವುದು. ಆ ಉತ್ತರ ಬರುವವರೆಗೆ ಟ್ರಂಕು ಅಟ್ಟದ ಮೇಲೆಯೇ ಇರುತ್ತಿತ್ತು.

ಊಟ, ಮಲಗಲು ಜಾಗ, ರಾತ್ರಿಶಾಲೆ

ಆ ಕೆಲಸವೇನೂ ದೊಡ್ಡದಲ್ಲ. ಲೋಟ ತೊಳೆಯುವುದು, ಮೇಜು ಒರೆಸುವುದು. ಸಂಬಳ ಅತ್ಯಲ್ಪ. ಆದರೆ ಎರಡು ಹೊತ್ತಿನ ಊಟ, ರಾತ್ರಿ ಬಾಗಿಲು ಹಾಕಿದ ಮೇಲೆ ಅಲ್ಲೇ ಮಲಗಲು ಜಾಗ ಇದ್ದವು. ಹೊಸ ನಗರದಲ್ಲಿ ಮನುಷ್ಯನನ್ನು ಮೊದಲು ಸೋಲಿಸುವುದು ಊಟ ಮತ್ತು ಬಾಡಿಗೆ. ಅವೆರಡರ ಚಿಂತೆ ತಪ್ಪಿದರೆ ಅಲ್ಪ ಸಂಬಳದಲ್ಲೂ ಊರಿಗೆ ಮನಿಯಾರ್ಡರ್ ಮಾಡಬಹುದಿತ್ತು. ಲೋಟ ತೊಳೆಯುವವ ಸಪ್ಲೈಯರ್ ಆಗಿ, ಗಲ್ಲಾದಲ್ಲಿ ಕುಳಿತು, ಕೊನೆಗೆ ಸ್ವಂತ ಹೋಟೆಲು ತೆರೆದ ಉದಾಹರಣೆಗಳುಂಟು. ಅಲ್ಲೇ ಸವೆದುಹೋದ ಎಳೆಯ ಕೈಗಳ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ.

ಈ ಹುಡುಗರ ಕೈಹಿಡಿದದ್ದು ಕನ್ನಡದ ರಾತ್ರಿಶಾಲೆಗಳು. ಹಗಲೆಲ್ಲ ಮೇಜು ಒರೆಸಿದವರು ಸಂಜೆ ಮುಖ ತೊಳೆದು ಫೋರ್ಟ್ ಕಡೆಯ ಶಾಲೆಗಳ ಬೆಂಚಿನಲ್ಲಿ ಕೂರುತ್ತಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿ (1902), ಬಂಟರ ಸಂಘ (1927), ಬಿಲ್ಲವರ ಅಸೋಸಿಯೇಶನ್ (1932) ಮುಂತಾದ ಸಂಸ್ಥೆಗಳು ಬೆಳೆದು, ಊರಿನವರಿಗೆ ಊರಿನವರೇ ಆಸರೆಯಾದರು. ರಾತ್ರಿಶಾಲೆಯಲ್ಲಿ ಕಲಿತವರಲ್ಲಿ ವಕೀಲರಾದವರು, ಬ್ಯಾಂಕು ಸೇರಿದವರು ಉಂಟು.

ಕಾಗದವಿಲ್ಲದೆ ಹೋದವರೂ ಇದ್ದರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1949ರಲ್ಲಿ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋದಾಗ ಅವರಿಗೆ ಹತ್ತೊಂಬತ್ತರ ಆಸುಪಾಸು. ಚೌಪಾಟಿಯ ಬೆಂಚುಗಳ ಮೇಲೆ ಮಲಗಿ, ಪೊಲೀಸರು ಎಬ್ಬಿಸಿದಾಗ ಎದ್ದು ಹೋಗಿ, ಕೊನೆಗೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಪಡೆದರು. ಮುಂದೆ ಅವರು ಕೇಂದ್ರ ಸಚಿವರಾದದ್ದು ಎಲ್ಲರಿಗೂ ಗೊತ್ತು. ಅದೇ ಬೆಂಚುಗಳ ಮೇಲೆ ಮಲಗಿದ ಉಳಿದವರು ಏನಾದರೆಂಬುದು ಯಾರಿಗೂ ಗೊತ್ತಿಲ್ಲ. ಗೆದ್ದವನ ಕತೆಯೊಂದನ್ನೇ ಹಿಡಿದು ದಾರಿ ಆರಿಸಿಕೊಳ್ಳುವುದು, ಒಂದೇ ಸಲ ಪ್ರಯೋಗ ಮಾಡಿ ನಿಯಮ ಬರೆದಂತೆ.

ಮುಗ್ಗಟ್ಟು ಮತ್ತೆ ಮತ್ತೆ

1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗುಳಿದರು. ಅನೇಕರಿಗೆ ಕೆಲಸ ಮರಳಿ ಸಿಗಲೇ ಇಲ್ಲ. ‘ಮುಂಬಯಿಗೆ ಹೋದರೆ ಹೇಗಾದರೂ ಆಗುತ್ತದೆ’ ಎಂಬ ಮಾತಿನ ಬಲ ಕುಂದಿತು. 2008–09ರ ಹಿಂಜರಿತದಲ್ಲಿ ಬೆಂಗಳೂರು ಇಂಥದೇ ಪಾಠ ಹೇಳಿತು. ಕಾಲೇಜಿನಲ್ಲೇ ಆಯ್ಕೆಯಾಗಿದ್ದ ಎಷ್ಟೋ ಇಂಜಿನಿಯರುಗಳಿಗೆ ಕೆಲಸಕ್ಕೆ ಸೇರುವ ದಿನ ತಿಂಗಳುಗಟ್ಟಲೆ ಮುಂದೆ ಹೋಯಿತು. ಆಯ್ಕೆಯ ಪತ್ರ ನಂಬಿ ಮೊದಲೇ ಬಂದು ಕೋಣೆ ಹಿಡಿದವರಿಗೆ ಬಾಡಿಗೆ ಮಾತ್ರ ಮುಂದೆ ಹೋಗಲಿಲ್ಲ.

ಹೊಸ ನಗರಕ್ಕೆ ಹೊರಟ ವಿದ್ಯಾರ್ಥಿಗೂ ಅವನ ತಂದೆತಾಯಿಗೂ ಹಳೆಯ ಕಾಗದದ ರೀತಿ ಇಂದಿಗೂ ಉಪಯುಕ್ತ. ಕೆಲಸದ ಭರವಸೆ ಬಾಯಿಮಾತಿನಲ್ಲಿದೆಯೋ, ಬರಹದಲ್ಲಿದೆಯೋ? ಬರಹದಲ್ಲಿದ್ದರೆ ಸೇರುವ ದಿನಾಂಕ, ಸಂಬಳ ಸ್ಪಷ್ಟವಾಗಿವೆಯೋ? ಕೆಲಸ ಕೊಡಲು ಮುಂಗಡ ಹಣ ಕೇಳಿದರೆ ಅದು ಕೆಲಸವಲ್ಲ, ಬಲೆ. ಆ ಊರಿನಲ್ಲಿರುವ ಪರಿಚಿತರೊಬ್ಬರು ಕಚೇರಿಯ ಬಾಗಿಲವರೆಗೆ ಹೋಗಿ ನೋಡಿ ಬಂದರೆ ಅರ್ಧ ಸಂಶಯ ಹರಿಯುತ್ತದೆ. ಸಾಧ್ಯವಾದರೆ ಒಮ್ಮೆ ಹೋಗಿ, ಸಂದರ್ಶನ ಮುಗಿಸಿ, ಬಾಡಿಗೆ ವಿಚಾರಿಸಿ ಮರಳುವುದು ಒಳ್ಳೆಯದು. ಮೂರು ತಿಂಗಳ ಖರ್ಚು, ವಾಪಸಿನ ಟಿಕೇಟಿನ ಹಣ ಕೈಯಲ್ಲಿರಲಿ. ಕೆಲಸ ಸಣ್ಣದೆಂದು ನಾಚುವುದು ಬೇಡ. ಸಂಜೆ ಕಲಿಯಲು ಬಿಡುವಿದೆಯೇ ಎಂದು ಮಾತ್ರ ಕೇಳಲೇಬೇಕು.

ಕರಾವಳಿಯ ಬೇಸಾಯಗಾರ ಗದ್ದೆ ಉತ್ತು, ನೀರು ನಿಲ್ಲಿಸಿ, ಹದ ನೋಡಿದ ಮೇಲೆಯೇ ನೇಜಿ ಕೀಳುತ್ತಾನೆ. ಕಿತ್ತ ನೇಜಿ ಬದುವಿನ ಮೇಲೆ ಬಹಳ ದಿನ ಕಾಯಲಾರದು. ಮಾಟುಂಗಾದಲ್ಲಿ ಗಲ್ಲಾದ ಹಿಂದೆ ಕೂತ ಅನೇಕ ಹಿರಿಯರು ಮನೆಯವರು ಹಾಗೆ ಹದ ನೋಡಿ ಕಳುಹಿಸಿದವರೇ. ಊರಿನಿಂದ ಯಾರಾದರೂ ಫೋನು ಮಾಡಿ ‘ನಮ್ಮ ಹುಡುಗ ಅಲ್ಲಿಗೆ ಬರುತ್ತಾನಂತೆ’ ಎಂದರೆ ಅವರು ಮೊದಲು ಕೇಳುವುದು ಒಂದೇ ಪ್ರಶ್ನೆ: “ಕೆಲಸ ಎಲ್ಲಿ ಅಂತ ಗೊತ್ತಾಗಿದೆಯಾ?”